ಪಲಂಗಕ್ಕೆ ತಟ್ಟಿದ ತಾಳ

ಸಂಗೀತ ಕೇಳಿದರೆ ಮೆದುಳಿನ ಅಲೆಗಳು ಬದಲಾಗುತ್ತವೆ ಎಂಬ ಮಾತನ್ನು ಯಾರಾದರೂ ನನ್ನೆದುರು ತೆಗೆದರೆ ನಾನು ಎದ್ದು ಹೋಗಿಬಿಡುತ್ತೇನೆ. ಮಾತು ಸುಳ್ಳೆಂದಲ್ಲ. ಗಡಹಿಂಗ್ಲಜ ತಾಲೂಕಿನ ಕನ್ನಡ ಶಾಲೆಗಳಲ್ಲಿ ವಿಜ್ಞಾನ ಕಲಿಸುತ್ತಲೇ ತಲೆ ಬೆಳ್ಳಗಾದವಳು ನಾನು. ಮೆದುಳಿನೊಳಗೆ ಸಣ್ಣ ಕರೆಂಟು ಹರಿಯುತ್ತದೆ, ನಿದ್ದೆಯಲ್ಲಿ ಅದರ ಅಲೆ ನಿಧಾನ, ಎಚ್ಚರದಲ್ಲಿ ಚುರುಕು, ಇಷ್ಟದ ಹಾಡು ಕಿವಿಗೆ ಬಿದ್ದರೆ ಅದರ ಗುರುತೂ ಅಲ್ಲಿ ಮೂಡುತ್ತದೆ ಎಂಬುದೆಲ್ಲ ನನಗೂ ಗೊತ್ತು. ಆದರೆ ಆ ಮಾತನ್ನು ಹಿಡಿದುಕೊಂಡು ನಾವು ಕೊಲ್ಹಾಪುರದ ಒಂದು ಆಸ್ಪತ್ರೆಯಲ್ಲಿ ಏನು ಮಾಡಿದೆವು ಎಂಬುದು ನೆನಪಾದರೆ ಕೂತಲ್ಲಿ ಕೂರಲಾಗುವುದಿಲ್ಲ. ಮಾತು ತೆಗೆದವರಿಗೆ ಇದು ಗೊತ್ತಿರುವುದಿಲ್ಲ. ಮುದುಕಿಗೆ ಸೊಕ್ಕು ಎಂದುಕೊಳ್ಳುತ್ತಾರೆ.

ನನ್ನ ತಮ್ಮ ಇಚಲಕರಂಜಿಯ ಮಗ್ಗದ ಶೆಡ್ಡಿನಲ್ಲಿ ಜಾಬರ್ ಆಗಿದ್ದ. ಕೆಟ್ಟು ನಿಂತ ಪವರ್‌ಲೂಮುಗಳನ್ನು ಬಿಚ್ಚಿ ಕಟ್ಟಿ ಮತ್ತೆ ಓಡಿಸುವ ಕೆಲಸ. ನಮ್ಮೂರು ಗಡಹಿಂಗ್ಲಜದ ಕಡೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಮೀಸೆ ಮೂಡುವ ಹೊತ್ತಿಗೆ ಇಚಲಕರಂಜಿಗೆ ಹೋದವನು ಅಲ್ಲಿಯವನೇ ಆಗಿಬಿಟ್ಟ. ಮಗ್ಗದ ಶೆಡ್ಡಿನ ಸದ್ದನ್ನು ಕೇಳದವರಿಗೆ ಹೇಳಿ ತಿಳಿಸುವುದು ಕಷ್ಟ. ಒಮ್ಮೆ ಒಳಗೆ ಹೋಗಿ ಬಂದ ನನಗೆ ಬಸ್ಸು ಹತ್ತಿದ ಮೇಲೂ ಎದೆಯೊಳಗೆ ಖಟಖಟ ನಿಂತಿರಲಿಲ್ಲ. ಅಲ್ಲಿ ಯಾರೂ ಯಾರನ್ನೂ ಕೂಗುವುದಿಲ್ಲ. ಕೈಸನ್ನೆ ಮಾಡುತ್ತಾರೆ, ಇಲ್ಲವೇ ಹತ್ತಿರ ಹೋಗಿ ಹೆಗಲು ತಟ್ಟುತ್ತಾರೆ. ಅಷ್ಟು ವರ್ಷ ಅದರೊಳಗೆ ಬಾಳಿದ ಮೇಲೆ ಅವನ ಕಿವಿ ಮುಕ್ಕಾಲು ಹೋಗಿತ್ತು. ಹಬ್ಬಕ್ಕೆ ಊರಿಗೆ ಬಂದು ಚಹಾ ಕೇಳಿದರೂ ಓಣಿಯವರು ಜಗಳ ಹತ್ತಿದೆ ಎಂದು ಬಾಗಿಲಿಗೆ ಬರುತ್ತಿದ್ದರು. ಮೆಲ್ಲಗೆ ಮಾತಾಡೋ ಎಂದು ನಾನು ಬೈಯುತ್ತಿದ್ದೆ. ಬೈದದ್ದು ಕೇಳಿಸದೆ ಅವನು ನಗುತ್ತಿದ್ದ.

ಇಂಥವನಿಗೆ ಭಜನೆಯ ಹುಚ್ಚು. ಅವನಿದ್ದ ಗಲ್ಲಿಯಲ್ಲಿ ಕನ್ನಡದ ಮಂದಿ ಬಹಳ. ಸೋಮವಾರ ಸಂಜೆ ಒಂದು ಸಣ್ಣ ಗುಡಿಯಲ್ಲಿ ಸೇರಿ ಪದ ಹಾಡುತ್ತಾರೆ. ಅವನ ದನಿ ಚೆನ್ನಾಗಿತ್ತು, ಎತ್ತರಕ್ಕೆ ಸಲೀಸಾಗಿ ಏರುತ್ತಿತ್ತು. ಆದರೆ ತಾಳದ ಕಿಣಿಕಿಣಿ ಕಿವಿಗೆ ಬೀಳದೆ ಲಯ ಬಿಟ್ಟು ಮುಂದೆ ಓಡಿಬಿಡುತ್ತಿದ್ದ. ಆ ಮೇಳದಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುವ ಹಿರಿಯರೊಬ್ಬರಿದ್ದರು. ಅವರು ಒಂದು ಸೋಮವಾರ ಪದ ಅರ್ಧಕ್ಕೆ ನಿಲ್ಲಿಸಿ, ಎಲ್ಲರೆದುರು, "ತಮ್ಮಾ, ನೀ ಇನ್ನ ಜಮಖಾನಿ ಹಾಸಾಕ ಬಾ, ಹಾಡಾಕ ಬ್ಯಾಡ," ಅಂದರಂತೆ. ಅದು ಅವನಿಗೆ ಎಷ್ಟು ಕೇಳಿಸಿತೋ, ಅವನ ಹೆಂಡತಿಗೆ ಮಾತ್ರ ಚೆನ್ನಾಗಿ ಕೇಳಿಸಿತು. ಮುಂದಿನ ಸೋಮವಾರ ಅವಳು ಹೆಂಗಸರ ಸಾಲು ಬಿಟ್ಟು ಗಂಡನ ಬೆನ್ನ ಹಿಂದೆ ಬಂದು ಕೂತಳು. ಅವನು ಕೂತಿದ್ದ ಮರದ ಮಣೆಯ ಅಂಚಿಗೆ ಬಲಗೈ ಬೆರಳುಗಳಿಂದ ತಟ್ಟುತ್ತ ಹೋದಳು. ಕಿವಿಗೆ ಸಿಗದ ತಾಳ ಮಣೆಯಿಂದ ಮೈಗೆ ಸಿಕ್ಕಿತು. ಅಂದು ಅವನು ಎಲ್ಲೂ ಓಡಲಿಲ್ಲ.

ಅಂದಿನಿಂದ ಅದೇ ರೂಢಿ. ಅವನು ಹಾಡುವುದು, ಅವಳು ಹಿಂದೆ ಕೂತು ಮಣೆ ತಟ್ಟುವುದು. ಗಲ್ಲಿಯವರು ಚೇಷ್ಟೆ ಮಾಡಿದರು, ಗಂಡನಿಗೆ ಚಾವಿ ಕೊಡಾಕ ಬಂದ್ಳು ಎಂದು ನಕ್ಕರು. ಅವಳು ಸೊಪ್ಪು ಹಾಕಲಿಲ್ಲ. ಅವಳದು ಹಗಲೆಲ್ಲ ನೂಲು ಸುತ್ತುವ ಮಷೀನಿನ ಮುಂದೆ ನಿಲ್ಲುವ ಕೆಲಸ. ಮಕ್ಕಳಿರಲಿಲ್ಲ ಅವರಿಗೆ. ಆ ಒಂದು ಸಂಜೆಗಾಗಿ ವಾರದ ಉಳಿದ ದಿನಗಳನ್ನು ದೂಡುತ್ತಿದ್ದಾರೆ ಅಂತ ನನಗೆ ಅನಿಸುತ್ತಿತ್ತು. ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತಿತ್ತು, ಸುಳ್ಳೇಕೆ ಹೇಳಲಿ.

ಅವನು ಬಿದ್ದದ್ದು ಶೆಡ್ಡಿನಲ್ಲೇ, ಮಟಮಟ ಮಧ್ಯಾಹ್ನ. ಹೃದಯ ನಿಂತಿತ್ತು. ಬೇರೆ ಎಲ್ಲಾದರೂ ಬಿದ್ದಿದ್ದರೆ ಧಪ್ ಎಂಬ ಸದ್ದಿಗೆ ನಾಲ್ಕು ಜನ ತಿರುಗಿ ನೋಡುತ್ತಿದ್ದರು. ಮಗ್ಗಗಳ ಆ ಗದ್ದಲದಲ್ಲಿ ಒಬ್ಬ ಮನುಷ್ಯ ಬಿದ್ದದ್ದು ಪಕ್ಕದವನಿಗೂ ತಿಳಿಯುವುದಿಲ್ಲ. ಒಂದು ಮಗ್ಗ ಕೆಟ್ಟು ನಿಂತಿದೆ, ಜಾಬರ್ ಎಲ್ಲಿ ಸತ್ತ ಎಂದು ಬೈಯುತ್ತ ಹುಡುಕಿಕೊಂಡು ಬಂದವನಿಗೆ ಎರಡು ಮಗ್ಗಗಳ ಸಂದಿಯಲ್ಲಿ ಅವನ ಕಾಲು ಕಂಡವು. ಎಷ್ಟು ಹೊತ್ತಿನಿಂದ ಹಾಗೆ ಬಿದ್ದಿದ್ದನೋ ಯಾರಿಗೂ ಹೇಳಲಾಗಲಿಲ್ಲ. ಅಲ್ಲಿಯ ದವಾಖಾನೆಯಲ್ಲಿ ಹೃದಯವನ್ನು ಮತ್ತೆ ಬಡಿಯುವಂತೆ ಮಾಡಿ, ಅಂಬ್ಯುಲೆನ್ಸಿನಲ್ಲಿ ಕೊಲ್ಹಾಪುರಕ್ಕೆ ತಂದರು. ಉಸಿರನ್ನು ಮಷೀನು ಆಡಿಸುತ್ತಿತ್ತು. ಕಣ್ಣು ಮಾತ್ರ ತೆರೆಯಲಿಲ್ಲ. ರಕ್ತ ಸಿಗದೆ ಮೆದುಳು ಬಹಳ ಹೊತ್ತು ಉಪವಾಸ ಬಿದ್ದಿತ್ತು, ಎಷ್ಟು ಉಳಿದಿದೆಯೋ ಈಗಲೇ ಹೇಳಲಾಗದು ಎಂದು ಡಾಕ್ಟರು ಹೇಳಿದರು.

ನಾನು ಗಡಹಿಂಗ್ಲಜದಿಂದ ಸಿಕ್ಕ ಬಸ್ಸು ಹತ್ತಿ ಹೋದೆ. ತಮ್ಮನ ಹೆಂಡತಿ ಐಸಿಯುವಿನ ಹೊರಗೆ ಸ್ಟೀಲಿನ ಕುರ್ಚಿಯ ಮೇಲೆ ಕೂತಿದ್ದಳು. ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಅವನ ಚಪ್ಪಲಿ. ತಲೆಗೂದಲಿಗೆಲ್ಲ ಹತ್ತಿಯ ಧೂಳು ಹಾಗೇ ಇತ್ತು, ಕೆಲಸದಿಂದ ಎದ್ದು ಬಂದವಳು ಮುಖ ಕೂಡ ತೊಳೆದಿರಲಿಲ್ಲ.

"ಅಕ್ಕಾರ, ಬಂದ್ರಿ? ನೋಡ್ರಿ, ಮಲಗಿಬಿಟ್ಟಾರ. ಎಷ್ಟ ಕರದ್ರೂ ಏಳವಲ್ರು," ಅಂದಳು.

"ಕರದ್ರ ಅವಗ ಎಲ್ಲಿ ಕೇಳತೈತಿ," ಅಂದೆ ನಾನು. ಯಾಕೆ ಹಾಗೆ ಸಿಡುಕಿದೆನೋ. ಹೆದರಿದಾಗ ನನಗೆ ಸಿಟ್ಟೇ ಮೊದಲು ಬರುತ್ತದೆ.

ಅಷ್ಟರಲ್ಲಿ ನಮ್ಮ ಬಳಗದ ವಾಟ್ಸಪ್ ಗುಂಪಿನಲ್ಲಿ ಉಪಚಾರ ಶುರುವಾಗಿತ್ತು. ಬಣ್ಣಬಣ್ಣದ ಮೆದುಳಿನ ಚಿತ್ರ, ಸುತ್ತ ಸ್ವರಗಳು ಹಾರಾಡುವ ಹಾಗೆ ಬರೆದದ್ದು. ಸಂಗೀತದಿಂದ ಸತ್ತ ಮೆದುಳೂ ಚಿಗುರುತ್ತದಂತೆ. ಇಂಥ ರಾಗ ಬೆಳಿಗ್ಗೆ, ಇಂಥ ರಾಗ ಸಂಜೆ, ಊಟಕ್ಕೆ ಮುಂಚೆ ಎಂಬಂತೆ. ಜೀವಮಾನದಲ್ಲಿ ಒಂದು ಭಜನೆಗೆ ಬಂದು ಕೂರದವರು ಕೈ ಮುಗಿಯುವ ಚಿಹ್ನೆ ಹಾಕಿ ಅದನ್ನೇ ಮುಂದಕ್ಕೆ ಕಳಿಸಿದರು. ನನಗೆ ಮೈಯೆಲ್ಲ ಉರಿಯಿತು. ಮೊಬೈಲನ್ನು ಚೀಲದ ತಳಕ್ಕೆ ಹಾಕಿದೆ.

ಆದರೆ ಅದೇ ಮಾತನ್ನು, ಸ್ವಲ್ಪ ಮರ್ಯಾದೆಯಾಗಿ, ವಾರ್ಡಿನ ಚಿಕ್ಕ ಡಾಕ್ಟರೂ ಹೇಳಿದ. ತಿಳಿ ಮುಖದ ಹುಡುಗ, ನಿದ್ದೆಗೆಟ್ಟ ಕಣ್ಣು. ತಲೆಗೆ ವೈರು ಅಂಟಿಸಿ ಮೆದುಳಿನ ಅಲೆಗಳನ್ನು ಬರೆಯುವ ಇಇಜಿ ಮಷೀನನ್ನು ಪಲಂಗದ ಹತ್ತಿರವೇ ತರುತ್ತೇವೆ, ಆಗ ಅವರಿಗೆ ಗುರುತಿರುವ ದನಿ, ಗುರುತಿರುವ ಹಾಡು ಕೇಳಿಸಿ, ಅಲೆಯಲ್ಲಿ ಏನಾದರೂ ಬದಲಾದರೆ ಒಳಗೆ ಏನೋ ಉಳಿದಿದೆ ಎನ್ನಬಹುದು, ಖಾತ್ರಿ ಇಲ್ಲ ಎಂದು ಮರಾಠಿಯಲ್ಲಿ ಹೇಳಿದ. ಅವನು ಹೋದ ಮೇಲೆ ತಮ್ಮನ ಹೆಂಡತಿ ನನ್ನ ಸೆರಗು ಜಗ್ಗಿದಳು.

"ಏನ್ ಮಾಡ್ತಾರಂತ್ರಿ?"

"ಮೆದುಳಿನಾಗ ಕರೆಂಟ್ ಇರತೈತಿ. ಅದನ್ನ ಗೆರಿ ಮಾಡಿ ತೋರಸ್ತಾರ."

"ಲೈಟ್ ಹೋಗಿದ್ರ?"

"ಗೆರಿ ಸಪಾಟ ಬರತೈತಿ."

"ನಮ್ಮಲ್ಲೆ ಲೈಟ್ ಹೋದ್ರ ಮತ್ತ ಬರತೈತಿ, ಅಕ್ಕಾರ," ಅಂದಳು. ನಾನು ಹೂಂ ಎಂದೆ.

ಮರುದಿನ ಮಷೀನು ಬಂತು. ಟೆಕ್ನಿಷಿಯನ್ ಹುಡುಗಿಯೊಬ್ಬಳು ಅಂಟು ಹಚ್ಚಿ ಒಂದೊಂದೇ ವೈರನ್ನು ಅವನ ತಲೆಗೆ ಕೂರಿಸಿದಳು. ತೆರೆಯ ಮೇಲೆ ಸಾಲುಸಾಲಾಗಿ ಗೆರೆಗಳು ಓಡತೊಡಗಿದವು. ಪೂರ್ತಿ ಸಪಾಟಾಗಿರಲಿಲ್ಲ, ಆದರೆ ಜೀವವಿಲ್ಲದ ಗೆರೆಗಳು. ಶಾಲೆಯಲ್ಲಿ ಬೇಸರ ಬಂದ ಹುಡುಗರು ಪಾಟಿಯ ಮೇಲೆ ಎಳೆಯುವಂಥವು. ಹಿಂದಿನ ಸೋಮವಾರದ ಭಜನೆಯನ್ನು ಮೇಳದವರೊಬ್ಬರು ಮೊಬೈಲಿನಲ್ಲಿ ಹಿಡಿದಿಟ್ಟಿದ್ದರು, ಅದನ್ನೇ ಹಚ್ಚಿದೆವು. ಪೇಟಿ, ದಮ್ಮಡಿ, ಆಮೇಲೆ ನನ್ನ ತಮ್ಮನದೇ ದನಿ. ಬಾಯಲ್ಲಿ ಪೈಪು ಹಾಕಿಸಿಕೊಂಡು ಮಲಗಿದವನ ತಲೆಯ ಪಕ್ಕದಲ್ಲಿ ಅವನದೇ ದನಿ ಮೇಲಕ್ಕೇರಿತು. ನನಗೆ ತಡೆಯಲಾಗಲಿಲ್ಲ, ಗೋಡೆಗೆ ಮುಖ ಮಾಡಿ ನಿಂತೆ.

ತಮ್ಮನ ಹೆಂಡತಿ ಅಳಲಿಲ್ಲ. ತಲೆಯ ಹತ್ತಿರ ಹೋಗಿ ನಿಂತು, ಕಣ್ಣು ಮುಚ್ಚಿ, ತಲೆದಿಂಬಿನ ಪಕ್ಕದ ಗಾದಿಗೆ ಬೆರಳುಗಳಿಂದ ತಟ್ಟತೊಡಗಿದಳು. ಮಣೆ ತಟ್ಟುವಷ್ಟೇ ಸಹಜವಾಗಿ. ಯಾರೂ ಬೇಡ ಅನ್ನಲಿಲ್ಲ. ಅಲ್ಲಿ ನಿಂತವರಿಗೆ ಅದು ದುಃಖದಲ್ಲಿದ್ದ ಹೆಂಗಸು ಗಂಡನ ದಿಂಬು ನೇವರಿಸಿದಂತೆ ಕಂಡಿರಬೇಕು. ತುಸು ಹೊತ್ತಿಗೆ ಟೆಕ್ನಿಷಿಯನ್ ಹುಡುಗಿ "ಅಯ್ಯಾ!" ಎಂದು ಬೆರಗಾದಳು. ನಾನು ತಿರುಗಿದೆ. ಗೆರೆಗಳಲ್ಲಿ ಸಣ್ಣ ಸಣ್ಣ ಉಬ್ಬುಗಳು, ತಂತಿಯ ಮೇಲೆ ಗುಬ್ಬಿಗಳು ಕೂತ ಹಾಗೆ, ಎದ್ದಿದ್ದವು. ಹಾಡಿನ ಪ್ರತಿ ಪೆಟ್ಟಿಗೆ ಒಂದು. ಪದದ ನಡೆ ಚುರುಕಾದಾಗ ಅವೂ ಚುರುಕಾದವು, ಪದ ನಿಂತಾಗ ಅವೂ ನಿಂತವು.

ಚಿಕ್ಕ ಡಾಕ್ಟರು ಓಡಿ ಬಂದ. ಬಹಳ ಹೊತ್ತು ನೋಡಿದ. "ಕಾಹೀತರೀ ಆಹೇ," ಏನೋ ಇದೆ, ಅಂದ. ದೊಡ್ಡ ಡಾಕ್ಟರು ರಜೆಯ ಮೇಲಿದ್ದಾರೆ, ಅವರು ಬಂದು ನೋಡುವ ತನಕ ಏನೂ ಅಂದುಕೊಳ್ಳಬೇಡಿ ಎಂದೂ ಹೇಳಿದ. ಎರಡನೆಯ ಮಾತು ನಮ್ಮ ಯಾರ ಕಿವಿಗೂ ಬೀಳಲಿಲ್ಲ.

"ಕೇಳಾಕತ್ತಾರ, ಅಕ್ಕಾರ. ಒಳಗ ಅದಾರ," ಅಂದಳು ಅವಳು. ನಾನು ಅವಳನ್ನು ಅಪ್ಪಿಕೊಂಡೆ.

ಆಮೇಲಿನ ದಿನಗಳನ್ನು ಏನೆಂದು ಬರೆಯಲಿ. ಇಚಲಕರಂಜಿ, ಯಡ್ರಾವಗಳಿಂದ ಭಜನೆಯ ಮಂದಿ ಪಾಳಿ ಮುಗಿದ ಕೂಡಲೇ ಬೈಕುಗಳ ಮೇಲೆ ಬಂದರು. ಒಳಗೆ ಒಮ್ಮೆಗೆ ಒಬ್ಬರನ್ನೇ ಬಿಡುತ್ತಿದ್ದರು. ಅವಳು ಬಾಗಿಲಲ್ಲಿ ನಿಂತು ಪ್ರತಿಯೊಬ್ಬರಿಗೂ ಹೇಳಿ ಕಳಿಸುತ್ತಿದ್ದಳು, "ಸುಮ್ನ ಹಾಡಿ ಬರಬ್ಯಾಡ್ರಿ, ತಟ್ಟರಿ. ಅವ್ರಿಗೆ ಕಿವಿ ಕೇಳಂಗಿಲ್ಲ, ತಟ್ಟಿದ್ರನ ತಿಳಿತೈತಿ." ಬಂದವರೆಲ್ಲ ಮೆಲುದನಿಯಲ್ಲಿ ಒಂದು ಪದ ಹಾಡಿ, ಪಲಂಗದ ಕಬ್ಬಿಣದ ಕಟಕಟೆಗೆ ತಾಳ ತಟ್ಟಿ ಬಂದರು. ಪೇಟಿಯ ಹಿರಿಯರೂ ಬಂದರು. ಜಮಖಾನೆಯ ಮಾತನ್ನು ಅವರು ಮರೆತಿರಲಿಲ್ಲ. "ನಾ ಅವತ್ತ ಹಂಗ ಅನಬಾರದಿತ್ತವ್ವಾ," ಎಂದು ಅವಳೆದುರು ಕಣ್ಣು ತುಂಬಿಕೊಂಡರು. "ಇರ್ಲಿ ಬಿಡ್ರಿ ಕಾಕಾರ, ಈಗ ಹೋಗಿ ಛಲೋತ್ನಾಗಿ ತಟ್ಟರಿ," ಎಂದು ಅವಳು ಅವರನ್ನು ಒಳಗೆ ಕಳಿಸಿದಳು.

ನಾನೂ ತಟ್ಟಿದೆ. ಹಾಡು ಬರದ ನಾನು ಗಾದಿ ತಟ್ಟುತ್ತ ಮಗ್ಗಿ ಹೇಳಿದೆ, ಚಿಕ್ಕವನಿದ್ದಾಗ ಅವನಿಗೆ ನಾನೇ ಬಾಯಿಪಾಠ ಮಾಡಿಸಿದ್ದು ಅದೊಂದೇ. ನಾನು ನಂಬಿಬಿಟ್ಟಿದ್ದೆ. ಊರಿಂದ ನಮ್ಮ ಕಾಕಾನ ಮಗ ಬಂದು, ತಮ್ಮನ ಊದಿದ ಮುಖ ನೋಡಿ, "ಅಕ್ಕಾ, ಸಾಕು ಬಿಡ್ರಿ ಇನ್ನ. ಭಾಳ ಹಿಂಸಾ ಆಗಾಕತ್ತೈತಿ ಅವಗ," ಅಂದಾಗ ವರಾಂಡದಲ್ಲೇ ಅವನ ಜನ್ಮ ಜಾಲಾಡಿಬಿಟ್ಟೆ. ನಿನಗ ಗೆರಿ ಓದಾಕ ಬರತೈತೇನು, ಅವನ ಮೆದುಳು ತಾಳ ಹಿಡಿದೈತಿ, ನೀ ಮಣ್ಣ ಮಾಡಾಕ ಬಂದೀಯೇನು ಎಂದು ಕೇಳಿದೆ. ಅವನು ಚಹಾ ಕೂಡ ಕುಡಿಯದೆ ಇಳಿದು ಹೋದ.

ಅವನು ಹೇಳಿದ್ದೇನೂ ಸುಳ್ಳಾಗಿರಲಿಲ್ಲ. ತಮ್ಮನ ಬೆನ್ನು ಹುಣ್ಣಾಗಿತ್ತು. ಪೈಪಿನಿಂದ ತುಟಿಯ ಮೂಲೆ ಹರಿದಿತ್ತು. ಜ್ವರ ಬಿಟ್ಟು ಬಿಟ್ಟು ಏರುತ್ತಿತ್ತು. ಮಗ್ಗದ ಎಣ್ಣೆ ಇಳಿದ ಆ ದಪ್ಪ ಬೆರಳುಗಳು ಬಿಳಿಚಿಕೊಂಡು ಬೇರೆ ಯಾರದೋ ಆಗಿದ್ದವು. ಗಂಟಲಿಗೆ ತೂತು ಮಾಡಿ ಪೈಪು ಹಾಕಿ ಹೀಗೇ ಮುಂದುವರಿಸುವುದೋ, ಉಸಿರಿನ ಮಷೀನು ತೆಗೆದು ಅವನಷ್ಟಕ್ಕೆ ಬಿಡುವುದೋ ಎಂದು ಆಸ್ಪತ್ರೆಯವರು ಕೇಳತೊಡಗಿದ್ದರು. ಒಳಗೆ ಅವನು ಇಲ್ಲದಿದ್ದರೆ ಬಿಡುವುದೇ ಸರಿ. ಇದ್ದರೆ, ಹಾಗೆ ಬಿಡುವುದು ಕೊಲೆ. ಅವಳಿಗೆ ಅನುಮಾನವೇ ಇರಲಿಲ್ಲ. ಯಾರು ಕೇಳಿದರೂ "ಗೆರಿ ನೋಡ್ರಿ" ಎನ್ನುತ್ತಿದ್ದಳು.

ದೊಡ್ಡ ಡಾಕ್ಟರು ರಜೆ ಮುಗಿಸಿ ಬಂದರು. ಹೆಂಗಸು, ನನ್ನ ಓರಿಗೆಯವರು, ಮಾತು ಕಡಿಮೆ. ಹಿಂದಿನ ಗೆರೆಗಳನ್ನೆಲ್ಲ ನೋಡಿ ಒಂದೇ ಪ್ರಶ್ನೆ ಕೇಳಿದರು: ಆಗ ತಲೆಯ ಹತ್ತಿರ ಯಾರು ನಿಂತಿದ್ದರು? ಹೇಳಿದೆವು. ಇನ್ನೊಮ್ಮೆ ವೈರು ಹಚ್ಚಿಸಿದರು. ಮೊಬೈಲಿನಲ್ಲಿ ಅದೇ ಪದ ಹಚ್ಚಲು ಹೇಳಿ ತಮ್ಮನ ಹೆಂಡತಿಗೆ, "ಮಾವ್ಶಿ, ಹಾತ್ ಲಾವೂ ನಕಾ," ಕೈ ಹಚ್ಚಬೇಡಿ, ಅಂದರು.

ಪದ ಶುರುವಾಯಿತು. ಅವನ ದನಿ ಏರಿತು, ಇಳಿಯಿತು. ಗೆರೆಗಳು ಹೇಗಿದ್ದವೋ ಹಾಗೇ ಹೋದವು.

"ಕಿವಿ ಕೇಳಂಗಿಲ್ರಿ ಅವ್ರಿಗೆ! ತಟ್ಟಬೇಕ್ರಿ. ಹೇಳ್ರಿ ಅಕ್ಕಾರ ಅವ್ರಿಗೆ," ಎಂದು ಅವಳು ನನ್ನ ತೋಳು ಹಿಡಿದು ಅಲುಗಿಸಿದಳು. ನಾನು ಮರಾಠಿಯಲ್ಲಿ ಎಲ್ಲ ಬಿಡಿಸಿ ಹೇಳಿದೆ: ಮಗ್ಗದ ಸದ್ದು, ಹೋದ ಕಿವಿ, ಮಣೆ, ಬೆರಳು. ಹೇಳುತ್ತ ಹೇಳುತ್ತ ನನಗೆ ಜಂಬವೇ ಬಂತು. ಇಷ್ಟು ಓದಿದವರಿಗೆ ಇಷ್ಟು ಹೊಳೆಯಲಿಲ್ಲವಲ್ಲ ಎಂದುಕೊಂಡೆ. ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ, ತಟ್ಟಲಿ ಹಾಗಾದರೆ, ಅಂದರು.

ಅವಳು ಕಣ್ಣು ಮುಚ್ಚಿ ತಟ್ಟಿದಳು. ಗುಬ್ಬಿಗಳು ಎದ್ದವು. ಒಂದೊಂದು ಪೆಟ್ಟಿಗೂ ಒಂದೊಂದು, ಎಂದಿನಂತೆ. ನಾನು ಗೆದ್ದವಳ ಹಾಗೆ ಡಾಕ್ಟರ ಕಡೆ ತಿರುಗಿದೆ. ಅವರು ಟೆಕ್ನಿಷಿಯನ್ ಹುಡುಗಿಗೆ ಮೆಲ್ಲಗೆ ಏನೋ ಹೇಳುತ್ತಿದ್ದರು. ಆ ಹುಡುಗಿ ಮುಂದೆ ಬಂದು ತಮ್ಮನ ತಲೆಯಿಂದ ವೈರುಗಳನ್ನು ತೆಗೆಯತೊಡಗಿದಳು. ತೆಗೆದ ಒಂದೊಂದನ್ನೂ ದಿಂಬಿನ ಪಕ್ಕದಲ್ಲಿದ್ದ ಒದ್ದೆ ಟವೆಲಿನ ಮೇಲೆ ಒತ್ತಿ ಇಟ್ಟಳು. ಮೊಬೈಲು ಹಾಡುತ್ತಲೇ ಇತ್ತು. ಇವಳು ಕಣ್ಣು ಮುಚ್ಚಿ ತಟ್ಟುತ್ತಲೇ ಇದ್ದಳು. ಕೊನೆಯ ವೈರೂ ಅವನ ತಲೆ ಬಿಟ್ಟಿತು. ತೆರೆಯ ಮೇಲೆ ಗೆರೆಗಳು ಒಮ್ಮೆ ಚೆಲ್ಲಾಪಿಲ್ಲಿಯಾದವು, ನಡುಗಿದವು, ಆಮೇಲೆ ಸುಮಾರಾಗಿ ನೆಟ್ಟಗಾದವು. ಮತ್ತೆ ಗುಬ್ಬಿಗಳು ಎದ್ದವು. ಅದೇ ತಾಳಕ್ಕೆ. ಒದ್ದೆ ಟವೆಲಿನಿಂದ.

"ಹಲಣ್ಯಾಮುಳೆ," ಅಂದರು ಡಾಕ್ಟರು. ಅಲುಗಾಡುವುದರಿಂದ. ಗಾದಿ ತಟ್ಟಿದರೆ ವೈರು ಅಲುಗುತ್ತವೆ, ಅಷ್ಟೇ. ಅವರ ದನಿಯಲ್ಲಿ ಗೆದ್ದ ಭಾವವೇನೂ ಇರಲಿಲ್ಲ. ಆದರೂ ಆ ಗಳಿಗೆಯಲ್ಲಿ ನನಗೆ ಅವರ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು.

ತಮ್ಮನ ಹೆಂಡತಿ ಕಣ್ಣು ತೆರೆದು ನೇರವಾಗಿ ತೆರೆಯನ್ನೇ ನೋಡಿದಳು. "ಬಂತಲ್ರಿ ಅಕ್ಕಾರ! ನೋಡ್ರಿ, ಎಷ್ಟ ಚಂದ ಹೊಂಟೈತಿ," ಅಂದಳು. ಅವಳು ಗಂಡನ ಮುಖ ನೋಡಲು ಬಗ್ಗಿದಳು, ಬರಿದಾದ ತಲೆ ಕಂಡಿತು. ಅಂಟು ಮೆತ್ತಿದ ಕೂದಲು ಕಂಡಿತು. ಕಣ್ಣು ಟವೆಲಿಗೆ ಹೋಯಿತು.

ಅವಳೇನು ದಡ್ಡಿಯಲ್ಲ. ನೂಲು ಎಲ್ಲಿ ಹರಿಯಿತು ಎಂದು ಹುಡುಕಿ ಹಿಡಿಯುವುದೇ ಅವಳ ದಿನದ ಕೆಲಸ. ಕೈ ನಿಲ್ಲಿಸಿದಳು. ಗೆರೆ ಸಪಾಟಾಯಿತು. ಒಂದು ಪೆಟ್ಟು ತಟ್ಟಿದಳು, ಒಂದು ಗುಬ್ಬಿ ಎದ್ದಿತು. ನಿಲ್ಲಿಸಿದಳು. ಮತ್ತೊಂದು ತಟ್ಟಿದಳು. ಮೊಬೈಲಿನಲ್ಲಿ ಪದ ತನ್ನ ಪಾಡಿಗೆ ಬೇರೆ ತಾಳದಲ್ಲಿ ಹೋಗುತ್ತಿತ್ತು, ಗೆರೆ ಅವಳ ಕೈಯ ಮಾತನ್ನಷ್ಟೇ ಕೇಳುತ್ತಿತ್ತು.

"ಇದು ನಂದು," ಅಂದಳು. "ಇಷ್ಟ ದಿನ ನಾ ಒಬ್ಬಾಕಿನ ಇದ್ನೇನ್ರಿ ಅಕ್ಕಾರ, ಇಲ್ಲೆ?"

ಹುಡುಗಿ ಬೇಗ ಬೇಗ ತೆರೆ ಆರಿಸಿ ಮಷೀನು ತಳ್ಳಿಕೊಂಡು ಹೋದಳು. ನಾನು ತಮ್ಮನ ಹೆಂಡತಿಯನ್ನು ಹೊರಗೆ ಕರೆತಂದು ಕುರ್ಚಿಯ ಮೇಲೆ ಕೂರಿಸಿದೆ, ನೀರು ಕೊಟ್ಟೆ. ಕುಡಿದಳು. ಅಂದೆಲ್ಲ ಅವಳು ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡೇ ಇದ್ದಳು. ಉಸಿರಿನ ಮಷೀನು ತೆಗೆಯುವ ಮಾತಿಗೆ ಮಾರನೆಯ ದಿನ ಅವಳೇ ಹೂಂ ಎಂದಳು. ಪೇಟಿಯ ಹಿರಿಯರು, ಹೋಗುವಾಗ ಒಂದು ಪದ ಹೇಳೋಣವೇ ಎಂದು ಕೇಳಿದ್ದಕ್ಕೆ ಬೇಡವೆಂದು ತಲೆಯಾಡಿಸಿದಳು.

ಅವನನ್ನು ಪಕ್ಕದ ಸಣ್ಣ ಕೋಣೆಗೆ ತಂದರು. ಬಾಯಿಂದ ಪೈಪು ತೆಗೆದರು. ಎಷ್ಟೋ ದಿನದ ಮೇಲೆ ಅವನ ಪೂರ್ತಿ ಮುಖ ಕಂಡಿತು, ಗಡ್ಡ ಬೆಳೆದಿತ್ತು, ತುಟಿ ಒಣಗಿತ್ತು. ತಾನಾಗಿಯೇ ಉಸಿರಾಡುತ್ತಿದ್ದ. ಸ್ವಲ್ಪ ಹೊತ್ತು ಇರಬಹುದು, ಹತ್ತಿರ ಕೂರಿ ಎಂದು ಡಾಕ್ಟರು ಹೇಳಿ ಹೋದರು. ಹೊರಗೆ ಬಿಸಿಲು, ರಸ್ತೆಯಲ್ಲಿ ಬಸ್ಸುಗಳ ಹಾರ್ನು. ನಾವು ನಾಲ್ಕೈದು ಜನ ಒಳಗಿದ್ದೆವು. ಅವಳು ತನ್ನ ಕುರ್ಚಿಯನ್ನು ಪಲಂಗದಿಂದ ದೂರಕ್ಕೆ ಎಳೆದುಕೊಂಡು ಕೂತಳು.

ನಾನು ಅವನ ಪಾದ ಹಿಡಿಯಲು ಕೈ ಚಾಚಿದೆ.

"ಮುಟ್ಟಬ್ಯಾಡ್ರಿ!" ಎಂದು ಚೀರಿದಳು. ಮಗ್ಗದ ಶೆಡ್ಡಿನವರು ಚೀರುವ ಹಾಗೆ. ಬಾಗಿಲ ಹೊರಗಿನ ನರ್ಸು ಇಣುಕಿ ನೋಡಿದಳು. "ಯಾರೂ ಪಲಂಗ ಮುಟ್ಟಬ್ಯಾಡ್ರಿ. ಕಟಕಟಿ ಹಿಡದ ನಿಂದ್ರಬ್ಯಾಡ್ರಿ. ಈಗ ಏನರ ಅಲುಗಾಡಿದ್ರ ಅದು ಅವರದ ಇರಬೇಕು."

ಪೇಟಿಯ ಹಿರಿಯರು ಕಟಕಟೆಯ ಮೇಲಿನ ಕೈ ತೆಗೆದರು. ಎಲ್ಲರೂ ಗೋಡೆಗೆ ಸರಿದೆವು. ಅವಳು ಎರಡೂ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು, ಮುಂದಕ್ಕೆ ಬಾಗಿ, ಅವನ ಬೆರಳುಗಳನ್ನೇ ನೋಡುತ್ತ ಕೂತಳು. ಹೊದಿಕೆ ಏರುತ್ತಿತ್ತು, ಇಳಿಯುತ್ತಿತ್ತು. ಬೆರಳು ಅಲುಗಲಿಲ್ಲ. ರೆಪ್ಪೆ ಅಲುಗಲಿಲ್ಲ. ಏರುವುದು ನಿಧಾನವಾಯಿತು, ನಡುನಡುವೆ ನಿಂತು ಹೋಯಿತು. ನಿಂತಾಗಲೆಲ್ಲ ಅವಳೂ ಉಸಿರು ಬಿಗಿಹಿಡಿಯುತ್ತಿದ್ದಳು. ನನಗೆ ಹೋಗಿ ಅವನ ತಲೆಯನ್ನು ಮಡಿಲಿಗೆ ಎಳೆದುಕೊಳ್ಳಬೇಕು ಎಂದು ಮೈಯೆಲ್ಲ ಎಳೆಯುತ್ತಿತ್ತು. ಅವಳ ಮುಖ ನೋಡಿ ಗೋಡೆಗೆ ಅಂಟಿ ನಿಂತೆ.

ಎಷ್ಟೋ ದಿನಗಳಾದ ಮೇಲೆ ಊರಲ್ಲಿ, ಒಲೆಯ ಮುಂದೆ ಕೂತಿದ್ದಾಗ, ನನಗೆ ಒಂದು ವಿಷಯ ಹೊಳೆಯಿತು. ಮಕ್ಕಳಿಗೆ ಅಷ್ಟು ವರ್ಷ ವಿಜ್ಞಾನ ಕಲಿಸಿದವಳಿಗೆ ಅಲ್ಲೇ ಹೊಳೆಯಬೇಕಿತ್ತು. ಆ ಮಷೀನು ಹೇಳಿದ್ದು ಗುಬ್ಬಿಗಳು ಅವನವಲ್ಲ ಎಂದಷ್ಟೇ. ಅವಳ ಕೈ ಅವನಿಗೆ ತಿಳಿಯುತ್ತಿತ್ತೋ ಇಲ್ಲವೋ ಎಂಬುದನ್ನು ಅದು ಹೇಳಿರಲಿಲ್ಲ, ಹೇಳುವುದು ಅದರ ಕೈಲಾಗುವಂಥದ್ದೂ ಅಲ್ಲ. ಇದನ್ನು ನಾನು ಅವಳಿಗೆ ಹೇಳಿಲ್ಲ. ಈಗ ಹೇಳಿ ಏನು ಮಾಡುವುದಿದೆ.

ಅಂದು ಆ ಕೋಣೆಯಲ್ಲಿ ಹೊದಿಕೆ ಕೊನೆಗೊಮ್ಮೆ ಇಳಿದದ್ದು ಮತ್ತೆ ಏಳಲಿಲ್ಲ. ಆದರೂ ಅವಳು ಕಂಕುಳಿಂದ ಕೈ ತೆಗೆಯಲಿಲ್ಲ, ನಾವ್ಯಾರೂ ಮುಂದೆ ಹೋಗಲಿಲ್ಲ. ನರ್ಸು ಬಂದು ಅವನ ಮಣಿಕಟ್ಟು ಹಿಡಿದು ನೋಡಿದಳು. ಪೈಪು ತೆಗೆದ ಮೇಲೆ ಅವನನ್ನು ಮುಟ್ಟಿದ್ದು ಆ ನರ್ಸೊಬ್ಬಳೇ. ಕೂಗಿದರೆ ಕೇಳದ, ತಟ್ಟಿದರೆ ಮಾತ್ರ ತಿರುಗಿ ನೋಡುತ್ತಿದ್ದ ಮನುಷ್ಯ ನನ್ನ ತಮ್ಮ. ಹೆಂಡತಿ, ಅಕ್ಕ, ಜೊತೆಗೆ ಹಾಡಿದವರು ಎಲ್ಲರೂ ಇದ್ದ ಕೋಣೆಯಲ್ಲಿ, ಮೈಮೇಲೆ ಒಂದು ಕೈಯೂ ಇಲ್ಲದೆ ಅವನು ಹೋದ.